ನನ್ನ ನಲವತ್ತು ಚೌಕಗಳು

ಮಾರ್ಚ್ 4, ಬೆಳಿಗ್ಗೆ 5.20

ಇವತ್ತೂ ಮೂಟೆ ಹೊರುವ ಪರೀಕ್ಷೆ. ಬೆನ್ನಿಗೆ ಇಪ್ಪತ್ತು ಕೆ.ಜಿ., ಐದು ಕಿಲೋಮೀಟರ್, ನಲವತ್ತೈದು ನಿಮಿಷ. ಓಡುವ ಹಾಗಿಲ್ಲ, ನಡೆದೇ ಮುಗಿಸಬೇಕು. ನಿನ್ನೆ ನಲವತ್ತಾರು ಆಯಿತು. ಹಿಮ್ಮಡಿಯ ಬೊಬ್ಬೆ ಒಡೆದು ಕಾಲುಚೀಲಕ್ಕೆ ಅಂಟಿಕೊಂಡಿದೆ. ಪಕ್ಕದ ಮಂಚದ ಒಂಟೆ ಆಗಲೇ ಬೂಟು ಕಟ್ಟಿ ಕುಳಿತಿದ್ದಾಳೆ. ಆರಡಿ ಎತ್ತರ, ಅದಕ್ಕೇ ಆ ಹೆಸರು. ನನಗೆ ಜೆರಾಕ್ಸ್ ಎಂದು ಹೆಸರಿಟ್ಟವಳು ಅವಳೇ. ಆರು ವರ್ಷ ಜೆರಾಕ್ಸ್ ಅಂಗಡಿಯಲ್ಲಿ ನಿಂತವಳು ಕಾಡಿನ ಬೆಂಕಿ ಆರಿಸಲು ಬಂದಿದ್ದಾಳೆಂದು ಮೊದಲ ದಿನ ಬಿದ್ದು ಬಿದ್ದು ನಕ್ಕಿದ್ದಳು.

ಅಮ್ಮನಿಗೆ ಅರಣ್ಯ ಇಲಾಖೆಯಲ್ಲಿ ಆಫೀಸ್ ಕೆಲಸ ಎಂದು ಹೇಳಿದ್ದೇನೆ. "ಫ್ಯಾನ್ ಇದೆಯೇನೇ?" ಎಂದು ಕೇಳಿದಳು. ಗಾಳಿಗೇನೂ ಕಮ್ಮಿ ಇಲ್ಲಮ್ಮ ಅಂದೆ.

ಮಾರ್ಚ್ 5

ನಲವತ್ನಾಲ್ಕೂವರೆ. ಪಾಸ್. ಕಾಲಿಗೆ ಉಪ್ಪುನೀರು.

ಮಾರ್ಚ್ 7, ಸಂಜೆ

ಬರಿಗೈ ಪಾಠ. ಬೆಂಕಿ ಆರಿದ ಮೇಲೆಯೇ ನಿಜವಾದ ಕೆಲಸವಂತೆ. ಸುಟ್ಟ ಜಾಗಕ್ಕೆ ದಾರ ಕಟ್ಟಿ ಚೌಕ ಮಾಡುತ್ತಾರೆ. ಒಂದೊಂದು ಚೌಕದಲ್ಲೂ ಗ್ಲೌಸ್ ತೆಗೆದು, ಕೈಯ ಹಿಂಬದಿಯನ್ನು ಮೆಲ್ಲಗೆ ಬೂದಿಯೊಳಗೆ ತೂರಿಸಿ ನೋಡಬೇಕು. ತಣ್ಣಗಿದ್ದರೆ "ತಣ್ಣಗಿದೆ" ಎಂದು ಕೂಗಬೇಕು, ಹಾಳೆಯಲ್ಲಿ ಸಹಿ ಹಾಕಬೇಕು. ಕಣ್ಣಿಗೆ ಕಾಣದ ಕೆಂಡ ಬೇರಿನೊಳಗೆ ದಿನಗಟ್ಟಲೆ ಕೂತಿರುತ್ತದೆ. ಗಾಳಿ ಬಿಟ್ಟರೆ ಎದ್ದು ಬರುತ್ತದೆ.

ಕಲಿಸುವವರನ್ನು ಎಲ್ಲರೂ ಸಾರ್ ಎನ್ನುತ್ತೇವೆ. ಐವತ್ತೆಂಟು ವರ್ಷ. ಬಲಗಿವಿ ಸುಟ್ಟು ಮುದುರಿದೆ. "ಗ್ಲೌಸಲ್ಲಿ ಏನೂ ಗೊತ್ತಾಗಲ್ಲ. ಮುಟ್ಟದೇ ಸಹಿ ಹಾಕಿದವರನ್ನ ಆವತ್ತೇ ಮನೆಗೆ ಕಳಿಸ್ತೀನಿ," ಅಂದರು. ದನಿ ಏರಿಸಲಿಲ್ಲ.

ಮುಟ್ಟಿದೆ. ಮೂರನೆಯ ಚೌಕದಲ್ಲಿ ಕೆಂಡ. ಕಿರುಬೆರಳು, ಉಂಗುರದ ಬೆರಳು. ಯಾರೋ ಚೀರಿದರು. ಅದು ನಾನೇ ಎಂದು ಆಮೇಲೆ ಗೊತ್ತಾಯಿತು.

ಮಾರ್ಚ್ 8

ಗಾಯ ಸಣ್ಣದು. ಹೆದರಿಕೆ ಸಣ್ಣದಲ್ಲ. ಟೀ ಲೋಟ ಹಿಡಿಯಲೂ ಕೈ ಹಿಂದೆ ಸರಿಯುತ್ತದೆ. ಒಂಟೆ ಲೋಟಕ್ಕೆ ಕರವಸ್ತ್ರ ಸುತ್ತಿ ಕೊಟ್ಟಳು. "ಮಹಾರಾಣಿ, ಕುಡಿಯೇ," ಅಂದಳು.

ಮಾರ್ಚ್ 13, ಸಂಜೆ 6

ಪರೀಕ್ಷೆ ಮುಗಿಯಿತು. ಇಲ್ಲಿ ಬಿಟ್ಟರೆ ಎಲ್ಲೂ ಹೇಳಲಾರೆ.

ಮೊನ್ನೆ ನಾವೇ ಸುಟ್ಟು ನಾವೇ ಆರಿಸಿದ ಗುಡ್ಡ. ಹತ್ತು ಜನಕ್ಕೆ ತಲಾ ನಲವತ್ತು ಚೌಕ. ದಾರದ ಎಡಕ್ಕೆ ನಾನು, ಬಲಕ್ಕೆ ಒಂಟೆ. ಮೊದಲ ಒಂಬತ್ತಕ್ಕೆ ಬರಿಗೈ. ಹತ್ತನೆಯದರ ಹತ್ತಿರ ಕೈ ನಿಂತುಬಿಟ್ಟಿತು. ಕೈ ನನ್ನದೇ, ಮಾತು ಮಾತ್ರ ಕೇಳಲೊಲ್ಲದು. ಸಾರ್ ಅತ್ತ ತುದಿಯಲ್ಲಿದ್ದರು. ಗ್ಲೌಸ್ ಹಾಕಿಕೊಂಡೆ. ಮೂವತ್ತೊಂದು ಚೌಕಗಳನ್ನು ಹಾಗೇ ಕೆದಕಿದೆ. "ತಣ್ಣಗಿದೆ" ಎಂದು ಮೂವತ್ತೊಂದು ಸಲ ಕೂಗಿದೆ. ಎಲ್ಲರಿಗಿಂತ ಮೊದಲು ಮುಗಿಸಿದವಳು ನಾನು.

ಶನಿವಾರ ನೇಮಕದ ಆರ್ಡರ್ ಕೈಗೆ ಬರುತ್ತದೆ. ಕೆಲಸದ ಜೊತೆ ಒಂದು ರೂಮು. ಅಕ್ಕನ ಮನೆಯ ಹಾಲ್‌ನಲ್ಲಿ, ಭಾವ ಟಿವಿ ಆರಿಸುವ ತನಕ ಹಾಸಿಗೆ ಹಾಸಲು ಕಾದದ್ದು ಸಾಕು. ಮೂವತ್ತೆರಡು ವರ್ಷ ನನಗೆ... ಬಾಯಿ ಮುಚ್ಚಿಕೊಂಡಿದ್ದರೆ ಆಯಿತು.

ಮಾರ್ಚ್ 14, ಮಧ್ಯಾಹ್ನ

ಬಾಯಿ ಮುಚ್ಚಿಕೊಂಡು ನೆಮ್ಮದಿಯಾಗಿರಲು ಆಗಲಿಲ್ಲ. ಬೆಳಿಗ್ಗೆ ಬೋರ್ಡಿನಲ್ಲಿ ಬರೆದರು — ಎರಡನೆಯ ಬ್ಯಾಚಿನ ಹದಿನೆಂಟು ಜನ ನಾಳೆಯಿಂದ ಅದೇ ಗುಡ್ಡದ ಬುಡದಲ್ಲಿ, ಬೆಂಕಿ ದಾಟದ ಹಾಗೆ ಹುಲ್ಲು ಕೆರೆದು ಬೆಂಕಿ ರೇಖೆ ಕಡಿಯುತ್ತಾರೆ. ಅದರ ಕೆಳಗೇ ಹವಾಮಾನ: ನಾಡಿದ್ದಿನಿಂದ ಬಿರುಗಾಳಿ. ಗುಡ್ಡದ ಮೇಲಿಂದ ಕೆಳಕ್ಕೆ.

ಮೂರು ಸಲ ದುರ್ಬೀನು ಹಿಡಿದು ನೋಡಿದೆ. ಹೊಗೆ ಇಲ್ಲ. ಇಲ್ಲ ಎಂದರೆ ಇಲ್ಲ ತಾನೇ? ಆ ಹದಿನೆಂಟರಲ್ಲಿ ಒಬ್ಬ ದಿನಾ ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತು ಸುಮ್ಮನೆ ಶಿಳ್ಳೆ ಹಾಕುತ್ತಾನೆ. ಇವತ್ತು ಅವನ ಕಡೆ ತಿರುಗಲಿಲ್ಲ. ಅರ್ಧ ಊಟ ಬಿಟ್ಟು ತಟ್ಟೆ ತೊಳೆದಿಟ್ಟೆ.

ಹೇಳಿದರೆ ಮನೆಗೆ. ಹೇಳದಿದ್ದರೆ... ಏನೂ ಆಗದೇ ಇರಬಹುದು. ಏನೂ ಆಗದೇ ಇರಬಹುದು.

ಮಾರ್ಚ್ 15, ಬೆಳಿಗ್ಗೆ 6.10

ಗಾಳಿ ಒಂದು ದಿನ ಮೊದಲೇ ಬಂದಿದೆ. ಒಣಹಾಕಿದ ಬಟ್ಟೆಗಳು ತಂತಿಯ ಮೇಲೆ ನಿಲ್ಲುತ್ತಿಲ್ಲ. ಹದಿನೆಂಟು ಜನ ಗುದ್ದಲಿ ಹಿಡಿದು ಹೊರಟಾಯಿತು. ಶಿಳ್ಳೆ ಕೇಳಿಸಿತು. ಸಾರ್ ರೂಮಿಗೆ ಹೋಗುತ್ತಿದ್ದೇನೆ. ಹೋಗಲೇಬೇಕು.

ಮಾರ್ಚ್ 15, ಮಧ್ಯಾಹ್ನ 12

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಕಾಗೆ ಕಾಲು.

ಸಾರ್ ಗಡ್ಡ ಬೋಳಿಸಿಕೊಳ್ಳುತ್ತಿದ್ದರು. ಹೇಳಿದೆ.

"ಎಷ್ಟು?"

"ಮೂವತ್ತೊಂದು, ಸಾರ್."

ಬೈಯಲಿಲ್ಲ. ಅರ್ಧ ಮುಖದ ನೊರೆ ಒರೆಸಿಕೊಂಡು ರೇಡಿಯೋ ಎತ್ತಿ, ಹದಿನೆಂಟು ಜನರನ್ನು ರಸ್ತೆಗೆ ಹತ್ತಿಸಿದರು. "ಜೀಪ್ ಹತ್ತು," ಅಂದರು ನನಗೆ.

ಹತ್ತನೆಯ ಚೌಕದಿಂದ ಶುರು. ಸಾರ್ ಕೈಕಟ್ಟಿ ನಿಂತರು. ಒಂದು ಸಲ ವಾಂತಿ ಮಾಡಿಕೊಂಡೆ. ಬಾಯಿ ಒರೆಸಿಕೊಂಡು ಮತ್ತೆ ಕೈ ಹಾಕಿದೆ. ತಣ್ಣಗಿದೆ. ತಣ್ಣಗಿದೆ. ಮೂವತ್ತೇಳು ಮುಗಿದಾಗ ಬರೀ ಹೆದರಿ ಸತ್ತೆನಲ್ಲ ಅನ್ನಿಸಿತು. ಮೂವತ್ತೆಂಟರಲ್ಲಿ ಒಂದು ಮೋಟುಮರ. ಬುಡದ ಬೂದಿಗೆ ಕೈ ಇಟ್ಟೆ. ಮೇಲೆ ತಣ್ಣಗೆ. ಮಣಿಕಟ್ಟಿನ ತನಕ ಇಳಿಸಿದೆ. ಒಳಗೆ ಕೆಂಡ. ಬಲಗೈ ಚರ್ಮ ಅಲ್ಲೇ ಉಳಿಯಿತು.

ಅಗೆದು ನೋಡಿದರೆ ಬೇರು ಒಳಗೊಳಗೇ ಉರಿದುಕೊಂಡು ಇಳಿಜಾರಿನತ್ತ ಹೋಗಿದೆ. ಒಣಹುಲ್ಲಿಗೆ ಇನ್ನೊಂದು ಮೊಳ. ಬೆನ್ನಿನ ಪಂಪಿನಲ್ಲಿ ಮೂರು ಸಲ ನೀರು ಹೊಯ್ದೆವು. ಉಳಿದೆರಡು ಚೌಕ ಸಾರ್ ಮುಟ್ಟಿದರು, ತಣ್ಣಗಿದ್ದವು. ಕೆಳಗೆ ರಸ್ತೆಯಂಚಿನಲ್ಲಿ ಹದಿನೆಂಟು ಜನ ಬಿಸ್ಕತ್ ತಿನ್ನುತ್ತ ಕೂತಿದ್ದರು. ಅವರನ್ನು ನೋಡಿ ಅಳು ಬಂತು.

ವಾಪಸ್ ಬಂದು ಸಾರ್ ನಮ್ಮ ಹತ್ತೂ ಜನರನ್ನು ಸಾಲಾಗಿ ನಿಲ್ಲಿಸಿದರು.

"ಇವಳು ಮುಟ್ಟದೇ ಸಹಿ ಹಾಕಿದ್ಳು. ತಾನಾಗಿ ಬಂದು ಹೇಳಿದ್ಳು. ಇನ್ನು ಯಾರಾದ್ರೂ ಇದ್ದೀರಾ? ಈಗ್ಲೇ ಹೇಳಿ."

ಯಾರೂ ಕೈ ಎತ್ತಲಿಲ್ಲ. ಸಾರ್ ಒಬ್ಬೊಬ್ಬರ ಮುಖವನ್ನೂ ನೋಡಿದರು. "ಸರಿ, ನಂಬ್ತೀನಿ," ಅಂದರು. ರೇಡಿಯೋದಲ್ಲಿ ಹೇಳಿದ ಮೇಲೆ ಹದಿನೆಂಟು ಜನ ಮತ್ತೆ ಗುಡ್ಡದ ಬುಡಕ್ಕೆ ಇಳಿದರು.

ನನ್ನ ವಿಷಯ ಸಂಜೆಗೆ ತೀರ್ಮಾನ. ಮನೆಗೆ ಕಳಿಸುತ್ತಾರೆಂಬ ಭಯ. ಇಟ್ಟುಕೊಂಡರೆ ದಿನವೂ ಹೀಗೇ ಕೈ ಹಾಕಬೇಕಲ್ಲ ಎಂಬ ಭಯ. ಎರಡರಲ್ಲಿ ಯಾವುದು ಹೆಚ್ಚು, ಗೊತ್ತಿಲ್ಲ.

12.50

ಒಂಟೆ ಬಂದು ಮಂಚದ ತುದಿಯಲ್ಲಿ ಕೂತಳು. ಚೆನ್ನಾಗಿ ಬೈಯುತ್ತಾಳೆ ಎಂದುಕೊಂಡೆ. ಬ್ಯಾಂಡೇಜ್ ಮುಟ್ಟಿ ನೋಡಿದಳು.

"ಕಡೇ ಆರು ಚೌಕ ಕಣೇ," ಅಂದಳು.

"ಯಾವ ಆರು?"

"ನಂದು. ದಾರದ ಆ ಕಡೆ ನೀನು ತಣ್ಣಗಿದೆ, ತಣ್ಣಗಿದೆ ಅಂತ ಒಂದೇ ಸಮ ಕೂಗ್ತಾ ಹೋದೆ. ನಾನು ಹಿಂದೆ ಬಿದ್ದೆ. ಫೇಲ್ ಮಾಡಿಬಿಡ್ತಾರೆ ಅಂತ... ನಾನೂ ಗ್ಲೌಸ್ ಹಾಕ್ಕೊಂಡೆ."

ಅವಳ ಕೈ ಹಿಡಿದು ಎಳೆದುಕೊಂಡೇ ಸಾರ್ ಹತ್ತಿರ ಓಡಿದೆ. ಹೇಳಿದಳು. ಡ್ರೈವರ್ ಜೀಪಿನ ಟ್ಯಾಂಕಿಗೆ ನೀರು ತುಂಬಿಸುತ್ತಿದ್ದಾನೆ, ಎರಡು ನಿಮಿಷದಲ್ಲಿ ಹೊರಡುತ್ತೇವೆ. ಸಾರ್ ಪಕ್ಕದ ಕೋಣೆಯಲ್ಲಿ ರೇಡಿಯೋದಲ್ಲಿ ಕರೆಯುತ್ತಲೇ ಇದ್ದಾರೆ. ಹದಿನೆಂಟು ಜನರಲ್ಲಿ ಒಬ್ಬರೂ ಉತ್ತರ ಕೊಡುತ್ತಿಲ್ಲ. ಗಾಳಿಯ ಸದ್ದಿಗೆ ಕೇಳಿಸುತ್ತಿಲ್ಲವೋ ಏನೋ. ನನಗೆ ಒಂದೇ ಕೈ. ಒಂಟೆ ನೆಲದ ಮೇಲೆ ಕೂತು ನನ್ನ ಬೂಟಿನ ದಾರ ಕಟ್ಟುತ್ತಿದ್ದಾಳೆ. ಹಾಕಿದ ಗಂಟು ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತಿದೆ. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ. ಕಿಟಕಿಯಿಂದ ಗುಡ್ಡ ಕಾಣುತ್ತದೆ. ದಾರದ ಬಲಗಡೆ, ಕೆಳಗಡೆ, ಏನೋ ಬೆಳ್ಳಗೆ