ಸೊನ್ನೆ ಹೆಜ್ಜೆಯ ನಾಲ್ಕು ಸಂಜೆ

ಮಂಗಳವಾರ, ಹನ್ನೆರಡನೇ ತಾರೀಕು

ನನ್ನ ಹಟಮಾರಿ ತಂಗಿಗೆ,

ಅಕ್ಕನ ಆಶೀರ್ವಾದ. ಅದರ ಜೊತೆಗೆ ಸಾಕಷ್ಟು ಸಿಟ್ಟೂ ಇದೆ.

ಫೋನಿನಲ್ಲಿ ನೀನು ನನಗೆ ಬಾಯಿ ತೆರೆಯಲು ಬಿಡುವುದಿಲ್ಲ, ಅದಕ್ಕೇ ಕಾಗದ. ನಿನ್ನೆ ಏನಂದೆ? "ಅಕ್ಕಾ, ನಾಲ್ಕು ದಿನದಿಂದ ಸಂಜೆ ಒಂದು ಹೆಜ್ಜೆನೂ ಇಲ್ಲ. ಡಾಕ್ಟರು ಮಗೂನ ಹೊರಗೆ ಆಡಿಸಿ ಅಂದ್ರೆ ನೀನು ಕೂರಿಸ್ಕೊಂಡು ಪದ್ಯ ಓದಿಸ್ತಿದ್ದೀಯ. ಶನಿವಾರ ಬಂದು ಕರ್ಕೊಂಡು ಹೋಗ್ತೀನಿ, ಇಲ್ಲೇ ಯಾವುದಾದ್ರೂ ಆಟದ ಕ್ಲಾಸಿಗೆ ಹಾಕ್ತೀನಿ." ಇಷ್ಟು ಹೇಳಿ ಇಟ್ಟುಬಿಟ್ಟೆ. ರಜೆ ಇನ್ನೂ ಮೂರು ವಾರ ಇದೆ. ಮಗಳನ್ನು ಒಂದು ಮಾತು ಕೇಳಿದೆಯಾ?

ನೀನು ಅವಳ ಕೈಗೆ ಕಟ್ಟಿ ಕಳಿಸಿದ, ಹೆಜ್ಜೆ ಎಣಿಸಿ ನಿನ್ನ ಫೋನಿಗೆ ಲೆಕ್ಕ ಒಪ್ಪಿಸುವ ಆ ವಾಚಿನ ಕಥೆ ಕೇಳು. ಮೊದಲ ವಾರ ದಿನಕ್ಕೆ ಎಂಟು ಸಾವಿರ ಹೆಜ್ಜೆ ಬಂತೆಂದು ಮೆಚ್ಚಿ ಮೆಚ್ಚಿ ಸಂದೇಶ ಕಳಿಸಿದೆಯಲ್ಲ, ಆ ವಾರ ನಿನ್ನ ಮಗಳು, ನಮ್ಮ ಬಟಾಣಿ, ಸೋಫಾ ಬಿಟ್ಟು ಇಳಿದಿರಲಿಲ್ಲ. ಟಿವಿ ನೋಡುತ್ತ ಬಲಗೈಯನ್ನು ಬೀಸಣಿಗೆಯಂತೆ ಆಡಿಸುತ್ತಿದ್ದಳು. ಏನೇ ಇದು ಅಂದರೆ, "ವಾಕಿಂಗ್ ದೊಡ್ಡಮ್ಮ, ಅಮ್ಮನಿಗೋಸ್ಕರ" ಅಂದಳು. ಎಂಟು ವರ್ಷದ ಹುಡುಗಿ. ನಗಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ.

ಈಗ ನಿನ್ನ ಸೊನ್ನೆಯ ವಿಷಯ. ಹೋದ ಗುರುವಾರ ಕೆಳಮಹಡಿಯ ಮಕ್ಕಳು ಅವಳನ್ನು ಕಣ್ಣಾಮುಚ್ಚಾಲೆಗೆ ಕರೆದರು. ನೀರಿನ ತೊಟ್ಟಿಯ ಹಿಂದೆ ಉಸಿರು ಬಿಗಿಹಿಡಿದು ಅಡಗಿದ್ದಾಳೆ. ತುಂಬಾ ಹೊತ್ತು ಕೂತಿದ್ದೀಯ, ಏಳು ಎಂದು ವಾಚು ಕೀಂ ಕೀಂ ಅಂತು. ಸಿಕ್ಕಿಬಿದ್ದಳು. ಅಳುತ್ತ ಮೇಲೆ ಬಂದವಳೇ ಅದನ್ನು ಬಿಚ್ಚಿ ಚಮಚಗಳ ಡ್ರಾಯರಿಗೆ ಎಸೆದು ಮತ್ತೆ ಓಡಿದಳು. ಅಂದಿನಿಂದ ಸಂಜೆ ಹೊತ್ತು ಅದು ಅಲ್ಲೇ ಮಲಗಿರುತ್ತದೆ. ಅವಳು ಕತ್ತಲಾಗುವವರೆಗೆ ಮಣ್ಣಿನಲ್ಲಿ. ಮೊಣಕಾಲು ತರಚಿದೆ, ಅದನ್ನೂ ಹೇಳಿಬಿಡುತ್ತೇನೆ. ಊಟಕ್ಕೆ ಗೋಗರೆಯಬೇಕಿಲ್ಲ, ತಲೆನೋವಿನ ಮಾತಿಲ್ಲ, ದಿಂಬಿಗೆ ತಲೆ ಇಟ್ಟರೆ ನಿದ್ದೆ. ಡಾಕ್ಟರು ಕೇಳಿದ್ದು ಇದನ್ನೇ ಅಲ್ಲವೇನೇ?

ಶನಿವಾರ ಬಾ, ಬೇಡವೆನ್ನುವುದಿಲ್ಲ. ಆದರೆ ಸಂಜೆ ಐದಕ್ಕೆ ಬಾ. ಅವಳನ್ನು ಕೂಗದೆ ನನ್ನ ಬಾಲ್ಕನಿಯಲ್ಲಿ ಅರ್ಧ ಗಂಟೆ ಸುಮ್ಮನೆ ನಿಂತು ನೋಡು. ಆಮೇಲೂ ಕರೆದುಕೊಂಡು ಹೋಗಬೇಕೆನಿಸಿದರೆ ಅವಳ ಚೀಲ ನಾನೇ ಕಟ್ಟಿಕೊಡುತ್ತೇನೆ.

ನಿನ್ನ ಮೇಲೆ ಮುನಿದಿರುವ
ಅಕ್ಕ

ಮರೆತದ್ದಲ್ಲ, ಮುಚ್ಚಿಟ್ಟದ್ದು: ಮೊದಲ ವಾರ ಅವಳು ಕೆಳಗಿಳಿಯದಿದ್ದುದು ಸೋಮಾರಿತನದಿಂದಲ್ಲ. ಅಂಗಳದಲ್ಲಿ 'ಇಲ್ಲಿ ಮಕ್ಕಳು ಆಡಬಾರದು' ಎಂಬ ಬೋರ್ಡಿತ್ತು. ಎರಡು ವರ್ಷದ ಹಿಂದೆ, ನನ್ನ ಓದಿಗೆ ಗದ್ದಲವಾಗುತ್ತದೆಂದು, ಕಟ್ಟಡದವರ ಸಭೆಯಲ್ಲಿ ಜಗಳವಾಡಿ ಅದನ್ನು ಹಾಕಿಸಿದವಳು ನಾನೇ. ಬಟಾಣಿ ಅದನ್ನು ಅಕ್ಷರ ಕೂಡಿಸಿ ಓದಿ, "ಇದನ್ನ ಬರೆಸಿದೋರಿಗೆ ಮಕ್ಕಳಿಲ್ವಾ ದೊಡ್ಡಮ್ಮ?" ಅಂತ ಕೇಳಿದಳು. ಗೊತ್ತಿಲ್ಲ ಅಂದೆ. ಹೋದ ಬುಧವಾರ ಯಾರಿಗೂ ಹೇಳದೆ ಆ ಬೋರ್ಡನ್ನು ಬಿಚ್ಚಿ ತಂದೆ. ನನ್ನ ಮಂಚದ ಕೆಳಗಿದೆ. ಅಡಗಿಕೊಳ್ಳಲು ಅವಳು ಅಲ್ಲಿಗೆ ನುಸುಳದಿದ್ದರೆ ಸಾಕು.