ಕೈಹಿಡಿದು ಪೊರೆ

ರಾಣೆಬೆನ್ನೂರು, ಮೇಲಿನೂರು
ಫೆಬ್ರವರಿ ೩೦, ೨೨೧೪

ಪೂಜ್ಯ ಚೆನ್ನವೀರಮ್ಮನವರಿಗೆ, ನಿಮ್ಮ ಮರಿಮಗಳ ಮರಿಮಗ ಫಾಲಾಕ್ಷನ ಸಾಷ್ಟಾಂಗ ನಮಸ್ಕಾರ.

ಮೊದಲಿಗೆ ತಪ್ಪೊಪ್ಪಿಗೆ. ನಾನು ಒಬ್ಬರ ಕೈಯನ್ನು ಕದ್ದಿದ್ದೇನೆ. ಗಾಬರಿಯಾಗಬೇಡಿ, ಸ್ವಲ್ಪ ಹೊತ್ತು ಬಳಸಿ ಐದೂ ಬೆರಳುಗಳ ಸಮೇತ ಹಿಂದಿರುಗಿಸಿದ್ದೇನೆ. ತಾರೀಖನ್ನು ಕಂಡು ಹುಬ್ಬೇರಿಸಲೂ ಬೇಡಿ. ಪಾಪದ ಫೆಬ್ರವರಿಗೆ ನಾವು ಕೊನೆಗೂ ಮೂವತ್ತು ದಿನ ಮಂಜೂರು ಮಾಡಿದ್ದೇವೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವೆನಿಸಿದರೆ ಕ್ಷಮೆಯಿರಲಿ. ನನಗೂ ಹಾಗೆಯೇ ಅನಿಸುತ್ತವೆ, ಮಾತಾಡಿ ಅಭ್ಯಾಸ ತಪ್ಪಿದೆ.

ಹೆಸರಿನಲ್ಲಿ ಮೂರು ಕಣ್ಣಿದ್ದರೂ ನನ್ನ ಮುಖದಲ್ಲಿದ್ದವು ಎರಡೇ, ಅವಕ್ಕೂ ಪೊರೆ ಬಂತು. ಪೊರೆ ಎಂದರೆ ಕಾಪಾಡು ಎಂದೂ ಅರ್ಥವಿದೆಯಲ್ಲ! ಪೊರೆಯುವವರು ಯಾರೂ ಇಲ್ಲದ ಮನೆಗೆ ಪೊರೆಯಾದರೂ ಬಂತೆಂದು ಸಮಾಧಾನಪಟ್ಟೆ. ಇಲ್ಲಿ ಎಲ್ಲರದೂ ಒಂಟಿ ಮನೆಯೇ. ಗೋಡೆ ಅನ್ನ ಬೇಯಿಸುತ್ತದೆ, ಬಚ್ಚಲು ಬೆನ್ನು ಉಜ್ಜುತ್ತದೆ, ಹಾಸಿಗೆ ಜ್ವರ ನೋಡುತ್ತದೆ. ಹಬ್ಬಕ್ಕೆ ಬಂಧುಗಳ ಬೆಳಕಿನ ಪ್ರತಿರೂಪಗಳು ಬಂದು ಹೋಳಿಗೆಯ ಮುಂದೆ ಕುಳಿತು, ತಿನ್ನದೆ ಎದ್ದುಹೋಗುತ್ತವೆ. ಬಯ್ಯಲೂ ಆಗುವುದಿಲ್ಲ, ಬೆನ್ನು ತಟ್ಟಲೂ ಆಗುವುದಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಬೇರೆಯವರ ಚರ್ಮದ ಬಿಸಿ ನನಗೆ ತಗುಲಿರಲಿಲ್ಲ.

ನಮ್ಮಲ್ಲಿ ಪೊರೆ ತೆಗೆಯುವುದು 'ಕಣ್ಗಾರ' ಎಂಬ ಯಂತ್ರ. ಕಾಂಗರೂ ಅಲ್ಲ, ಜಿಗಿಯುವುದಿಲ್ಲ. ಅದು ಮೂರು ದಾರಿ ಹೇಳುತ್ತದೆ. ಕಣ್ಣಿಗೆ ಮರಗಟ್ಟಿಸುವ ಹನಿ ಮಾತ್ರ ಬಿಟ್ಟು ಎಚ್ಚರವಾಗಿಯೇ ಮಲಗಿಸುವುದು ಹನಿದಾರಿ. ಜೊತೆಗೆ ರಕ್ತನಾಳಕ್ಕೆ ಮದ್ದು ಕೊಟ್ಟು ತೂಕಡಿಸುವಂತೆ ಮಾಡುವುದು ಮಂಪರುದಾರಿ. ಪೂರ್ತಿ ಪ್ರಜ್ಞೆ ತಪ್ಪಿಸುವುದು ಮರೆವುದಾರಿ. ಅದು ಅಲುಗಾಡದೆ ಮಲಗಲು ಸಾಧ್ಯವೇ ಇಲ್ಲದವರಿಗೆ. ನನ್ನ ಚಡಪಡಿಕೆ ನೋಡಿ ಕಣ್ಗಾರ ಮಂಪರುದಾರಿಯನ್ನೇ ಸೂಚಿಸಿತು.

ಆದರೆ ನಿಮ್ಮ ಕಾಲದ ಒಂದು ರೂಢಿ ಹನಿದಾರಿಯಲ್ಲಿ ಇನ್ನೂ ಉಳಿದಿದೆ, ತೆಗೆದುಹಾಕಲು ಯಾರಿಗೂ ನೆನಪಾಗಿಲ್ಲ. ಮುಖಕ್ಕೆ ಬಟ್ಟೆ ಹೊದಿಸಿದ ಮೇಲೆ ರೋಗಿ ಮಾತಾಡಬಾರದು, ತಲೆ ಅಲ್ಲಾಡಿಸಬಾರದು. ಆದ್ದರಿಂದ ಮನುಷ್ಯರೊಬ್ಬರು ಪಕ್ಕದಲ್ಲಿ ಕುಳಿತು ರೋಗಿಯ ಕೈ ಹಿಡಿದಿರಬೇಕು. ಕೆಮ್ಮು ಬಂದರೆ ಅವನು ಆ ಕೈಯನ್ನು ಹಿಸುಕಬೇಕು. ಮಂಪರುದಾರಿಯಲ್ಲಿ ಕೈಯೂ ಇಲ್ಲ, ಮನುಷ್ಯರೂ ಇಲ್ಲ. ಹಾಗಾಗಿ ಮಂಪರಿನ ಮದ್ದು ನನಗೆ ಒಗ್ಗುವುದಿಲ್ಲವೆಂದು ಹಸಿ ಸುಳ್ಳು ಹೇಳಿದೆ. ಇದೇ ನನ್ನ ಕಳ್ಳತನ.

ಹಾವೇರಿಯಿಂದ ಕಸ್ತೂರೆವ್ವ ಎಂಬಾಕೆಯನ್ನು ಕರೆಸಿದರು. ಬಂದವಳೇ ಕುರ್ಚಿ ಎಳೆದುಕೊಂಡು, "ಅಜ್ಜಾರ, ಕೆಮ್ಮು ಬಂದ್ರ ಕೈ ಹಿಚಕ್ರಿ. ಮಾತು ಮಾತ್ರ ಬ್ಯಾಡ. ಮಾತಾಡೋ ಗಂಡಸ್ರು ನಮ್ಮ ಮನ್ಯಾಗ ಬೇಕಾದಷ್ಟು ಅದಾರ," ಎಂದಳು. ಕೈ ಒರಟಾಗಿತ್ತು, ಬೆಚ್ಚಗಿತ್ತು, ಈರುಳ್ಳಿಯ ವಾಸನೆ ಹೊಡೆಯುತ್ತಿತ್ತು. ಅಡುಗೆ ಗೋಡೆಗೆ ಬಿಡದೆ ತಾನೇ ಈರುಳ್ಳಿ ಹೆಚ್ಚುವ ಹೆಂಗಸು ಇನ್ನೂ ಇದ್ದಾಳೆ!

ಅಂದಿನಿಂದ ಇಡೀ ಅಂತಸ್ತಿನ ಜನಕ್ಕೆ, ಅಂದರೆ ಅವರ ಪ್ರತಿರೂಪಗಳಿಗೆ, ನನ್ನ ಶೌರ್ಯ ಸಾರುತ್ತಿದ್ದೇನೆ. ರೆಪ್ಪೆ ಮಿಟುಕಿಸದೆ ಎಲ್ಲ ನೋಡಿದೆ. ಮೊದಲು ಗುಲಾಬಿ ಬೆಳಕು, ಆಮೇಲೆ ನೀರಿನಡಿಯ ಸೂರ್ಯ, ಕೊನೆಗೆ ಬಿಳಿ ಹೂವೊಂದು ಅರಳಿತು ಎಂದು.

ನಿಮ್ಮ ಕಾಲದಲ್ಲಿ ಬರುವ ಮಂಗಳವಾರ ನಿಮ್ಮ ಬಲಗಣ್ಣಿನ ಪೊರೆ ತೆಗೆಯುವ ಸರದಿ. ದಾರಿ ಯಾವುದೆಂದು ಡಾಕ್ಟರನ್ನೇ ಕೇಳಿ, ಅವರಿಗೆ ನನ್ನಂತೆ ಸುಳ್ಳು ಹೇಳಬೇಡಿ. ಭಯವಿದ್ದರೆ ಇದೆಯೆನ್ನಿ, ನುಂಗುವ ಮಾತ್ರೆಗಳನ್ನೆಲ್ಲ ತಿಳಿಸಿ. ಆದರೆ ಅವರು ಹನಿ ಸಾಕೆಂದರೆ ದಯವಿಟ್ಟು ಎಚ್ಚರವಾಗಿರಿ, ಕಂಡದ್ದನ್ನು ಮಕ್ಕಳಿಗೆ ಹೇಳಿ.

ಏಕೆಂದರೆ ಆ ಗುಲಾಬಿ ಬೆಳಕು, ಸೂರ್ಯ, ಹೂ ಎಲ್ಲವೂ ನಿಮ್ಮವು. ನಮ್ಮ ಮನೆತನದಲ್ಲಿ ಬಾಯಿಂದ ಬಾಯಿಗೆ ಬಂದವು. ನಾನು ಏನನ್ನೂ ನೋಡಲಿಲ್ಲ. ಕಸ್ತೂರೆವ್ವ ಕೈ ಹಿಡಿದದ್ದೊಂದು ನೆನಪು. ಆಮೇಲೆ ಕೇಳಿಸಿದ್ದು ಇಷ್ಟೇ: "ಏಳ್ರಿ ಅಜ್ಜಾರ, ಮುಗದೈತಿ. ಎಂಥಾ ಗೊರಕಿ ರೀ ನಿಮ್ಮದು!" ಮದ್ದಿಲ್ಲದೆಯೇ ನಿದ್ದೆ ಹೋಗುತ್ತಾರೆಂದು ಕಣ್ಗಾರ ಬರೆದುಕೊಂಡಿದೆ. ಇನ್ನು ಬಾಕಿಯಿರುವ ನನ್ನ ಎಡಗಣ್ಣಿಗೆ ಕೈ ಬೇಕಿಲ್ಲವಂತೆ.