ಹಳ್ಳಕ್ಕೊಬ್ಬ ವಾಕರ್

ಪ್ರೀತಿಯ ಅಪ್ಪನಿಗೆ,

ಸೇತ್ ವಾಕರ್‌ನನ್ನು ಮದುವೆಯಾಗುತ್ತೇನೆ ಎಂದಾಗ "ನಮ್ಮ ಮನೆತನದ ಹೆಸರಿನೋನೇ ಬೇಕಾ? ಅಣ್ಣನ್ನೇ ಕಟ್ಕೊಂಡ ಹಾಗಲ್ವೇನೇ!" ಎಂದು ಕೂಗಾಡಿದೆಯಲ್ಲ, ಅಂದಿನಿಂದ ಅದೇ ಚಿಂತೆಯಾಗಿತ್ತು. ಇವತ್ತು ಪಾದ್ರಿಗಳನ್ನೇ ಕೇಳಿಬಿಟ್ಟೆ. ಅವರು ನಕ್ಕುಬಿಟ್ಟರು.

"ಉಣ್ಣೆ ಬಟ್ಟೆನ ನೀರಲ್ಲಿ ತುಳಿದು ಹದ ಮಾಡೋನೇ ವಾಕರ್ ಕಣಮ್ಮ. ನಮ್ಮ ಯಾರ್ಕ್‌ಷೈರಲ್ಲಿ ಹಳ್ಳಕ್ಕೊಬ್ಬ ಇದ್ದ, ಆ ಕಸುಬೇ ಮನೆತನದ ಹೆಸರಾಯ್ತು. ಎಲ್ರೂ ಒಂದೇ ರಕ್ತ ಆಗ್ತಾರಾ? ಚರ್ಚಲ್ಲಿ ವಾಕರ್ ಅಂತ ಕೂಗಿದ್ರೆ ಅರ್ಧ ಊರೇ ಎದ್ದು ನಿಲ್ಲುತ್ತೆ!"

ಹೋದ ಜೀವ ಬಂದಂತಾಯಿತು. ಅಮ್ಮ ಸಾಯುವ ಮುಂಚೆ ದಿಂಬಿನ ಚೀಲಗಳ ಮೇಲೆ ಕಸೂತಿ ಹಾಕಿದ ನನ್ನ ಹೆಸರನ್ನು, ಗಂಡನದೂ ವಾಕರ್ ಹೆಸರೇ ಆದ್ದರಿಂದ, ಇನ್ನು ಬಿಚ್ಚಬೇಕಾಗಿಲ್ಲ. ಬರುವಾಗ ಅವನ್ನು ತಾ.

ಭಾನುವಾರ ಪಾದ್ರಿಗಳು ನಮ್ಮಿಬ್ಬರ ಹೆಸರು ಓದಿ, ಈ ಮದುವೆಗೆ ಯಾರದಾದರೂ ತಕರಾರಿದೆಯೇ ಎಂದು ಕೇಳುತ್ತಾರೆ. ಆಗ ನೀನು ಮಾತ್ರ ಎದ್ದು ನಿಲ್ಲಬೇಡ.

ಇಂದಿಗೂ, ಮದುವೆಯಾದ ಮೇಲೂ,
ನಿನ್ನ ಹೆಸ್ಟರ್ ವಾಕರ್